ಲಕ್ಷ್ಮಿ ಒಳಬರಲು ಎಷ್ಟು ನಿಮಿಷ ಬೇಕು?

ನಾನು ದಿನಕ್ಕೆ ಎರಡು ಸಲ ಕರೆಂಟಿನ ಮೀಟರ್ ನೋಡುತ್ತೇನೆ. ಮುಂಜಾನೆ ಆರಕ್ಕೆ ಒಂದು ಸಲ, ಸಂಜೆ ಆರಕ್ಕೆ ಒಂದು ಸಲ. ಆ ಹೊತ್ತಿಗೆ ಸೂರ್ಯನನ್ನು ನೋಡಿ ಕೈಮುಗಿಯುವವರು ಇದ್ದಾರೆ. ಸೂರ್ಯನ ಬಗ್ಗೆ ನನಗೆ ಯಾವ ದೂರೂ ಇಲ್ಲ. ವೇಳೆಗೆ ಸರಿಯಾಗಿ ಬರುತ್ತಾನೆ, ವೇಳೆಗೆ ಸರಿಯಾಗಿ ಹೋಗುತ್ತಾನೆ. ಮೀಟರ್ ಹಾಗಲ್ಲ. ನಾವು ಬೆನ್ನು ತಿರುಗಿಸಿದ ಕೂಡಲೇ ಓಡಲು ಶುರು ಮಾಡುವ ಜಾತಿ ಅದು. ಕೊನೆಯ ಬೆಂಚಿನ ಹುಡುಗನನ್ನು ಕಾದ ಹಾಗೆ ಅದನ್ನು ಕಾಯಬೇಕು.

ಹಾಗೆ ಕಾದು ನನಗೆ ರೂಢಿಯಿದೆ. ಮುಂಡರಗಿಯ ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರನಾಗಿ ನಿವೃತ್ತನಾದವನು ನಾನು. ಅದಕ್ಕೂ ಮೊದಲು, ನನ್ನೂರು ಹೊಂಬಳದಿಂದ ಓದಲು ಗದಗಿಗೆ ಬಂದು ಸೇರಿದ ಉಚಿತ ಬೋರ್ಡಿಂಗಿನಲ್ಲಿ ಮುಂಜಾನೆ ಐದಕ್ಕೆ ಗಂಟೆ, ಐದೂವರೆಗೆ ತಣ್ಣೀರು, ಆರಕ್ಕೆ ಪ್ರಾರ್ಥನೆ. ಅಲ್ಲಿಂದ ಹೊರಬಿದ್ದು ಅರ್ಧ ಶತಮಾನ ದಾಟಿದರೂ ಐದಕ್ಕೆ ನನ್ನ ಕಿವಿಯೊಳಗೆ ಯಾರೋ ಗಂಟೆ ಹೊಡೆಯುತ್ತಾರೆ. ಈಗ ಇರುವುದು ಬೆಟಗೇರಿಯ ಒಂದು ಓಣಿಯಲ್ಲಿ. ಮಗ ಮಹಾಂತೇಶ, ಸೊಸೆ ಇಬ್ಬರಿಗೂ ಶಿರಹಟ್ಟಿಯಲ್ಲಿ ಕೆಲಸ. ಮುಂಜಾನೆ ಬಸ್ಸಿಗೆ ಹೋದವರು ರಾತ್ರಿ ಊಟದ ಹೊತ್ತಿಗೆ ಮನೆಗೆ ಬರುತ್ತಾರೆ. ಹಗಲೆಲ್ಲ ಮನೆಯಲ್ಲಿ ನಾನು, ನನ್ನ ಹೆಂಡತಿ ಗಿರಿಜಾ, ಮತ್ತು ಈಚೆಗೆ ಏಸಿ.

ಏಸಿ ಷೋಕಿಗೆ ಬಂದದ್ದಲ್ಲ. ಹೋದ ಬೇಸಿಗೆಯಲ್ಲಿ ಒಂದು ಸಂಜೆ ದೀಪ ಹಚ್ಚಿ ಏಳುವಾಗ ಗಿರಿಜಾ ಹೊಸ್ತಿಲಿನ ಬಳಿಯೇ ಕುಸಿದು ಬಿದ್ದಳು. ತಲೆಗೆ ಸಣ್ಣ ಗಾಯ, ಅಷ್ಟೇ. ಆದರೆ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು, "ನೋಡ್ರಿ ಸರ, ಇವರಿಗೆ ಮಧ್ಯಾಹ್ನದ ಬಿಸಲಕಿಂತ ಸಂಜೀ ಧಗಿ ಕೆಟ್ಟ. ಹಗಲೆಲ್ಲಾ ಗೋಡಿ ಕುಡದ ಬಿಸಲು ಸಂಜೀಕ ಹೊರಗ ಬೀಳತೈತಿ. ಬಿ.ಪಿ. ಇಳದು ಬೀಳತಾರ. ಈ ಸಲ ಉಳಕೊಂಡಾರ. ಇನ್ನೊಮ್ಮಿ ಬಿದ್ರ ತೊಡಿ ಎಲುಬು ಮುರೀತೈತಿ, ಆಮ್ಯಾಲ ಏಳೂದು ಕಷ್ಟ. ಬರೂ ಬ್ಯಾಸಗ್ಯಾಗ ಸಂಜಿ ಹೊತ್ತು ತಂಪನ್ಯಾಗ ಇಡ್ರಿ."

ನಾನು ಈ ಮಾತನ್ನು ಗಿರಿಜಾಳಿಗೆ ಹೇಳಲಿಲ್ಲ. ಈ ಬೇಸಿಗೆಗೆ ಏಸಿ ಮಾತ್ರ ತಂದೆ.

ಒಳಕೋಣೆಗಳಲ್ಲಿ ಅದನ್ನು ಕೂಡಿಸಲು ಆಗಲಿಲ್ಲ. ನಮ್ಮದು ಹಳೆಯ ಮಣ್ಣಿನ ಮಾಳಿಗೆಯ ಮನೆ; ಒಳಗಿನ ಕೋಣೆಗಳಿಗೆಲ್ಲ ನೆತ್ತಿಯಲ್ಲಿ ಬೆಳಕಿಂಡಿ. ಮೆಕ್ಯಾನಿಕ್ ಕತ್ತೆತ್ತಿ ನೋಡಿ, "ಇಲ್ಲಿ ಹಚ್ಚಿದ್ರ ಆಕಾಶಾನೂ ತಂಪ ಮಾಡ್ಬೇಕಾಗತೈತಿ ಸರ" ಎಂದ. ಹಾಗಾಗಿ ಬೀದಿಗೆ ಬಾಗಿಲಿರುವ ಪಡಸಾಲೆಗೇ ಏಸಿ ಬಂತು. ತಂಪು ಬಿಡುವ ಪೆಟ್ಟಿಗೆ ಒಳಗೆ, ಬಿಸಿಗಾಳಿ ಬಿಡುವ ಪೆಟ್ಟಿಗೆ ಹೊರಗೋಡೆಗೆ, ಬಾಗಿಲಿನ ಪಕ್ಕದ ಕಟ್ಟೆಯ ಮೇಲ್ಗಡೆ.

ಮಹಾಂತೇಶ ತಾಯಿಗೆ ಪಾಠ ಮಾಡಿದ. "ಯವ್ವಾ, ಇದು ಇಪ್ಪತ್ನಾಕಕ್ಕ ಇರ್ಲಿ. ಹದಿನಾರು ಮಾಡಿದ್ರ ಜಲ್ದಿ ತಂಪಾಗೂದಿಲ್ಲ. ಸುಮ್ನ ಕರೆಂಟ್ ತಿಂತೈತಿ. ಕ್ವಾಣಿ ತಂಪಾದ ಮ್ಯಾಲ ಮಷೀನ್ ತಾನ ವಿಶ್ರಾಂತಿ ತೊಗೊಂತೈತಿ, ಆವಾಗ ಮೀಟರ್ ನಿಧಾನ ಓಡತೈತಿ. ಬಾಗಲಾ ಮುಚ್ಚಿದ್ರ ಆತು."

"ಆತಪಾ," ಎಂದಳು ಗಿರಿಜಾ. ಆಕೆಯ 'ಆತು' ಎಂಬುದರಲ್ಲಿ ಒಪ್ಪಿಗೆ ಇರುತ್ತದೆ ಎಂದು ಮಗ ಇನ್ನೂ ನಂಬಿದ್ದಾನೆ.

ನಾನು ವೇಳಾಪತ್ರಿಕೆ ಬರೆದು ಗೋಡೆಗೆ ಅಂಟಿಸಿದೆ. ನಾಲ್ಕೂಮುಕ್ಕಾಲಿಗೆ ಕಿಟಕಿ ಬಂದ್. ನಾಲ್ಕು ಐವತ್ತಕ್ಕೆ ಪರದೆ. ಐದಕ್ಕೆ ಏಸಿ, ಇಪ್ಪತ್ನಾಲ್ಕು. ಮೂತ್ರ ಇತ್ಯಾದಿಗಳನ್ನು ನಾಲ್ಕೂವರೆಗೇ ಮುಗಿಸಿಕೊಳ್ಳತಕ್ಕದ್ದು. ಹದಿನೈದು ದಿನಕ್ಕೊಮ್ಮೆ ರವಿವಾರ ಹತ್ತಕ್ಕೆ ಏಸಿಯ ಜಾಲರಿ ತೊಳೆಯುವುದು. ಕೆಳಗೆ ಸಹಿ ಮಾಡಿದೆ. ಸಹಿ ಮಾಡುವ ಅಗತ್ಯ ಏನಿತ್ತೆಂದು ಸೊಸೆ ಕೇಳಿದಳು. ಸಹಿ ಇಲ್ಲದ ನೋಟೀಸನ್ನು ಯಾರು ಓದುತ್ತಾರೆ?

ಮೊದಲ ದಿನ ಎಲ್ಲ ಸುಸೂತ್ರವಾಗಿ ನಡೆಯಿತು, ಆರೂಕಾಲರ ತನಕ. ಆರೂಕಾಲಿಗೆ ಗಿರಿಜಾ ದೇವರಿಗೆ ದೀಪ ಹಚ್ಚಿದಳು, ಹಿತ್ತಲ ಬಾಗಿಲು ಹಾಕಿದಳು, ಬಂದು ಬೀದಿಯ ಬಾಗಿಲನ್ನು ಎರಡೂ ಕದ ಗೋಡೆಗೆ ತಾಗುವಂತೆ ತೆರೆದಳು.

"ಅಲ್ಲಾ, ಏಸಿ ಹಚ್ಚೈತಿ. ಬಾಗಲಾ ಯಾಕ ತಗದಿ?"

"ದೀಪಾ ಹಚ್ಚೀನಿ."

"ಹಚ್ಚು. ದೀಪಕ್ಕೂ ಬಾಗಲಕ್ಕೂ ಏನ್ ಸಂಬಂಧ?"

"ನಲವತ್ತೈದು ವರ್ಷದಿಂದ ಏನ್ ಸಂಬಂಧ ಇತ್ತೋ ಅದ. ಲಕ್ಷ್ಮಿ ಬರೂ ಹೊತ್ತು."

ನನಗೆ ಮರೆತೇ ಹೋಗಿತ್ತು. ಮರೆಯಬಾರದಿತ್ತು, ಏಕೆಂದರೆ ಹೊಂಬಳದಲ್ಲಿ ಚಿಕ್ಕಂದಿನಲ್ಲಿ ಈ ಇಲಾಖೆಯ ಅರ್ಧ ಜವಾಬ್ದಾರಿ ನನ್ನದೇ ಆಗಿತ್ತು. ಮುಂದಿನ ಬಾಗಿಲು ತೆರೆಯುವುದು ಅವ್ವ, ಹಿಂದಿನ ಬಾಗಿಲು ಹಾಕುವುದು ನಾನು. ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟು ಹೋಗಬಾರದಲ್ಲ. ಒಂದು ಸಂಜೆ ಚಿಣಿಪಣಿ ಆಡುತ್ತ ನಾನು ಹಿತ್ತಲ ಬಾಗಿಲನ್ನು ಮರೆತೆ. ಯಾರದೋ ಆಡು ಮುಂದಿನ ಬಾಗಿಲಿನಿಂದ ಬಂದು, ಬಿತ್ತನೆಗೆ ಇಟ್ಟಿದ್ದ ಶೇಂಗಾ ತಿಂದು, ಹಿಂದಿನ ಬಾಗಿಲಿನಿಂದ ಹೋಯಿತು. ಲಕ್ಷ್ಮಿ ಯಾವ ದಾರಿಯಲ್ಲಿ ಹೋಗುತ್ತಾಳೆ ಎಂಬುದಕ್ಕೆ ಅವ್ವನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ನನಗೆ ಬಿದ್ದ ಏಟುಗಳಲ್ಲಿ ಹೆಚ್ಚಿನವು ಆಡಿಗೆ ಸೇರಬೇಕಾದವು.

ಗಿರಿಜಾಳದು ಮತ್ತೂ ತೆರೆದ ಮನೆ. ಆಕೆಯ ತವರು ಕೊರ್ಲಹಳ್ಳಿ, ತುಂಗಭದ್ರೆಯ ದಂಡೆ. ಹೊಳೆಯ ಗಾಳಿಗೆ ಅಲ್ಲಿ ಕದಗಳು ಹಗಲೆಲ್ಲ ತೆರೆದೇ ಇರುತ್ತಿದ್ದವಂತೆ. ಬಾಗಿಲು ಹಾಕಿದ ಮನೆ ಕಂಡರೆ ಜನ ಒಳಗೆ ಯಾರಿಗೇನಾಯಿತೋ ಎಂದು ಬಂದು ವಿಚಾರಿಸುತ್ತಿದ್ದರಂತೆ. ಅಂಥವಳಿಗೆ ಸಂಜೆ ಆರೂಕಾಲಿಗೆ ಬಾಗಿಲು ಹಾಕು ಎಂದರೆ ಹೇಗೆ?

ನಾನು ಸರಳ ಉಪಾಯ ಹೇಳಿದೆ. "ಹಂಗಾರ ಆರಕ್ಕ ಏಸಿ ಬಂದ್ ಮಾಡೂಣು. ಲಕ್ಷ್ಮಿ ಬಂದು ಹೋಗ್ಲಿ. ಏಳಕ್ಕ ಬಾಗಲಾ ಹಾಕಿ ಮತ್ತ ಹಚ್ಚೂಣು."

ಗಿರಿಜಾ ನನ್ನನ್ನು ನೋಡಿದ ರೀತಿಯಲ್ಲಿ ಯಾವ ಶಿಕ್ಷಣಾಧಿಕಾರಿಯೂ ನನ್ನನ್ನು ನೋಡಿಲ್ಲ. "ಮನೀಗೆ ಬಂದವರ ಮುಂದ ಫ್ಯಾನ್ ಆರಿಸತೀರೇನು ನೀವು? ಇಂಥಾ ಧಗ್ಯಾಗ ಓಣಿ ಓಣಿ ತಿರಿಗಿ ಬಂದಿರತಾಳ. ನಮ್ಮನೀಗೆ ಬಂದ ಕೂಡ್ಲೆ ತಂಪು ಬಂದ್! ಅಕಿ ಏನ್ ಅನ್ಕೋಬೇಕು?"

ಹೀಗೆ ಏಸಿ ಆರಿಸುವುದು ಅವಮಾನ, ಬಾಗಿಲು ಮುಚ್ಚುವುದು ಅದಕ್ಕಿಂತ ದೊಡ್ಡ ಅವಮಾನ. ಉಳಿದದ್ದು ಒಂದೇ: ಬಾಗಿಲು ತೆರೆದು ಏಸಿ ಓಡಿಸುವುದು. ನಾನು ಮುಖ ತೊಳೆಯಲು ಹೋದಾಗ ಆಕೆ ಇಪ್ಪತ್ನಾಲ್ಕನ್ನು ಹದಿನಾರು ಮಾಡಿದಳು. ಬರುವವರು ಸಾಮಾನ್ಯರೇ?

ಹದಿನಾರಾಗಲಿ, ಇಪ್ಪತ್ನಾಲ್ಕಾಗಲಿ, ತೆರೆದ ಬಾಗಿಲಿಗೆ ಎರಡೂ ಒಂದೇ. ಬಂದ ತಂಪು ಹೊಸ್ತಿಲು ದಾಟಿ ಬೀದಿಗೆ ಇಳಿಯುತ್ತಿತ್ತು. ಯಂತ್ರ ವಿಶ್ರಾಂತಿಯ ಮುಖ ನೋಡಲಿಲ್ಲ. ಆ ಒಂದು ತಾಸಿನಲ್ಲಿ ಮೀಟರ್ ಓಡಿದಷ್ಟು, ಬಾಗಿಲು ಹಾಕಿದ ಮೇಲೆ ಊಟ ಮುಗಿದು ಮಲಗುವ ತನಕವೂ ಓಡಲಿಲ್ಲ. ಅದೂ ಹೋಗಲಿ, ಪಡಸಾಲೆ ಮಾತ್ರ ಮೊದಲಿನಷ್ಟೇ ಬಿಸಿ. ಗಿರಿಜಾ ಅದರ ನಡುವೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ನಿಮ್ಮ ಏಸಿ ಅಷ್ಟಕ್ಕಷ್ಟರೀ" ಎಂದಳು. ನಾನು ಆಕೆಯ ಹಣೆಯ ಬೆವರನ್ನೇ ನೋಡುತ್ತಿದ್ದೆ.

ತಂಪನ್ನು ಇನ್ನೊಬ್ಬರ ಮನೆಗೆ ಮುಟ್ಟಿಸುವುದು ಎಷ್ಟು ಕಷ್ಟವೆಂದು ನನಗೆ ಚಿಕ್ಕಂದಿನಿಂದ ಗೊತ್ತು. ಬೋರ್ಡಿಂಗಿನಲ್ಲಿದ್ದಾಗ ಒಮ್ಮೆ ಗದಗಿನ ಐಸ್ ಕಾರ್ಖಾನೆಯಿಂದ ಒಂದು ತುಂಡು ಬರ್ಫ ಕೊಂಡು, ಕಟ್ಟಿಗೆಯ ಹೊಟ್ಟು ಮೆತ್ತಿ, ಧೋತರದಲ್ಲಿ ಸುತ್ತಿ ಹೊಂಬಳದ ಬಸ್ಸು ಹತ್ತಿದೆ. ಅಮ್ಮನಿಗೆ, ಎಂದರೆ ನಮ್ಮ ಅಜ್ಜಿಗೆ, ಬರ್ಫ ತೋರಿಸಬೇಕಿತ್ತು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಮನೆ ಮುಟ್ಟಿದಾಗ ಧೋತರದಲ್ಲಿ ಹೊಟ್ಟು ಮಾತ್ರ ಇತ್ತು. ಅಮ್ಮ ಆ ಒದ್ದೆ ಧೋತರವನ್ನೇ ನೆತ್ತಿಯ ಮೇಲೆ ಹಾಕಿಕೊಂಡು, "ಬಂತು ಬಿಡಪ್ಪಾ, ಗದಗಿನ ತಂಪು ಬಂತು" ಎಂದಳು. ಮುಖದ ತುಂಬ ಕಟ್ಟಿಗೆ ಹೊಟ್ಟು.

ಇರಲಿ. ನಾನು ಮಾತುಕತೆಗೆ ಇಳಿದೆ.

"ಒಂದು ತಾಸು ಯಾಕ ಬೇಕು? ಎರಡ ನಿಮಿಷ ತಗದಿಟ್ರ ಸಾಲೂದಿಲ್ಲೇನು?"

"ಎರಡ ನಿಮಿಷ ನಿಂತು ಹೋಗಾಕ ಅಕೀನೇನು ರೈಲ ಗಾಡಿ?"

"ಐದು."

"ನಮ್ಮ ಓಣ್ಯಾಗ ಎಷ್ಟ ಮನಿ ಅದಾವು? ಆ ತುದೀಯಿಂದ ಬರತಾಳೋ ಈ ತುದೀಯಿಂದ ಬರತಾಳೋ? ಯಾರ ಮನ್ಯಾಗ ಎಷ್ಟು ಹೊತ್ತು ಕುಂಡ್ರತಾಳೋ? ನಿಮ್ಮ ಸಾಲಿಗೆ ಬಂದಂಗ ಹತ್ತೂವರಿಗೆ ಗಂಟಿ ಹೊಡದ ಕೂಡ್ಲೆ ಬರ್ಬೇಕೇನು?"

ಪ್ರಶ್ನೆ ನ್ಯಾಯವಾದದ್ದೇ. ತೀರ್ಪಿಗೆ ನಮ್ಮ ಓಣಿಯಲ್ಲಿ ಪೂಜೆ ಮಾಡಿಸುವ ಅಯ್ಯನವರನ್ನು ಕರೆದೆವು. ಅವರು ಮಧ್ಯಾಹ್ನ ಎರಡಕ್ಕೆ ಬಂದರು. ಆ ಹೊತ್ತು ನನ್ನ ವೇಳಾಪತ್ರಿಕೆಯಲ್ಲಿ ಇರಲಿಲ್ಲ. ಆದರೂ ಹಿರಿಯರು ಬಿಸಿಲಲ್ಲಿ ಬಂದಿದ್ದಾರೆಂದು ಗಿರಿಜಾ ಏಸಿ ಹಚ್ಚಿ ಬಾಗಿಲು ಹಾಕಿದಳು. ಅಯ್ಯನವರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. ಸಣ್ಣಗೆ ಗೊರಕೆ ಕೇಳಿತು. ನಾಲ್ಕಕ್ಕೆ ಕಣ್ಣು ತೆರೆದು, "ಬಾಗಲಾ ತಗದಿರ್ಬೇಕು ಅಂತ ಶಾಸ್ತ್ರದಾಗ ಐತಿ. ಎಷ್ಟ ಹೊತ್ತು ಅನ್ನೂದು ಸಿಗವಲ್ದು. ನಾಳೆ ಇನ್ನೊಮ್ಮಿ ಕೂತು ವಿಚಾರ ಮಾಡೂಣು," ಎಂದರು.

ಮರುದಿನ ಎರಡಕ್ಕೆ ಮತ್ತೆ ಬಂದರು. ಅದರ ಮರುದಿನವೂ. ಇಷ್ಟು ಕಷ್ಟದ ಪ್ರಶ್ನೆಯನ್ನು ತಮಗೆ ಈ ತನಕ ಯಾರೂ ಕೇಳಿರಲಿಲ್ಲ ಎಂದು ಹೋಗುವಾಗ ಹೇಳುತ್ತಿದ್ದರು. ಒಂಬತ್ತನೆಯ ದಿನ ಒಂದು ದಿಂಬನ್ನೂ ತಂದರು. ಅಲ್ಲಿಗೆ ನಾನು ಪ್ರಶ್ನೆಯನ್ನು ವಾಪಸ್ ಪಡೆದೆ.

ಇಷ್ಟರಲ್ಲಿ ಎಮ್ಮೆಯ ಪ್ರವೇಶವಾಗಿತ್ತು. ಎದುರು ಮನೆಯ ನೀಲವ್ವನ ಎಮ್ಮೆ ದಿನಾ ದೀಪದ ಹೊತ್ತಿಗೆ ಮೇಯ್ದುಕೊಂಡು ಬರುತ್ತದೆ. ಒಂದು ಸಂಜೆ ನಮ್ಮ ಬಾಗಿಲ ಮುಂದೆ ಹಾಯುವಾಗ ಕಾಲಿಗೆ ತಣ್ಣಗೆ ತಾಗಿರಬೇಕು. ನಿಂತಿತು. ಯೋಚಿಸಿತು. ಮೆಟ್ಟಿಲಿಗೆ ಮುಂಗಾಲಿಟ್ಟು ತಲೆಯನ್ನು ಒಳಗೆ ತೂರಿಸಿ ಕಣ್ಣು ಅರೆಮುಚ್ಚಿತು. ಅಯ್ಯನವರ ಮುಖದಲ್ಲಿ ಕಂಡ ಭಾವವೇ ಅದು. ನೀಲವ್ವ ಎಳೆದಳು, ಬೈದಳು, ಬಾಲ ತಿರುವಿದಳು. ಕಡೆಗೆ ಚೊಂಬು ತಂದು ನಮ್ಮ ಮೆಟ್ಟಿಲ ಬಳಿಯೇ ಕೂತು ಹಾಲು ಹಿಂಡಿಕೊಂಡಳು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಎಳೆಯುವ ಪ್ರಯತ್ನವನ್ನೇ ಮಾಡದೆ ನೇರ ಚೊಂಬು ಹಿಡಿದೇ ಬಂದಳು.

"ಮಾಸ್ತರ, ನಿಮ್ಮ ಮಷೀನ್ ತಣ್ಣಗಿರ್ಲಿ," ಎಂದು ಹರಸಿದಳು. "ಅರ್ಧ ಲೀಟರ್ ಹೆಚ್ಚ ಕೊಡಾಕತ್ತೈತಿ."

ನನ್ನ ಕರೆಂಟು ನೀಲವ್ವನ ಚೊಂಬಿನಲ್ಲಿ ಹಾಲಾಗುತ್ತಿತ್ತು. ಒಂದು ದಿನ ಏಸಿ ಹಚ್ಚುವುದು ಕಾಲು ತಾಸು ತಡವಾದಾಗ, ನಳದ ನೀರು ಬರದಿದ್ದರೆ ಕೇಳುವ ದನಿಯಲ್ಲಿ ಬೀದಿಯಿಂದಲೇ ಕೂಗಿದಳು, "ಯಾಕ್ರಿ ಮಾಸ್ತರ, ಇವತ್ತ ತಂಪು ಇನ್ನೂ ಬಿಟ್ಟಿಲ್ಲ?"

ಗಿರಿಜಾಳಿಗೆ ಎಮ್ಮೆಯ ಮೇಲೆ ಸಿಟ್ಟಿರಲಿಲ್ಲ, ಆದರೆ ದಿನದಿಂದ ದಿನಕ್ಕೆ ಒಂದು ಚಿಂತೆ ಬೆಳೆಯಿತು. ಒಂದು ಸಂಜೆ ಅಂದೇಬಿಟ್ಟಳು, "ಆಕಳಾಗಿದ್ರ ಬ್ಯಾರೆ ಮಾತು. ಇದು ಎಮ್ಮಿ. ನಡು ಬಾಗಲದಾಗ ಅಡ್ಡ ನಿಂತೈತಿ. ಲಕ್ಷ್ಮಿ ಹೆಂಗ ಒಳಗ ಬರ್ಬೇಕ್ರಿ?"

ಅದೇ ಸಂಜೆ ಆಗಬಾರದ್ದು ಆಗಲಿಕ್ಕೆ ಹತ್ತಿತು. ಎಮ್ಮೆ ಬಾಗಿಲಲ್ಲಿ, ನೀಲವ್ವ ಮೆಟ್ಟಿಲಲ್ಲಿ, ಏಸಿ ಹದಿನಾರರಲ್ಲಿ. ಒಂದೇ ಸಮನೆ ಓಡಿ ಓಡಿ ದಣಿದ ಯಂತ್ರ ಮನೆಯ ಹಳೆಯ ವೈರಿಂಗನ್ನು ಕಾಯಿಸಿ, ಟಪ್ ಎಂದು ಮೇನ್ ಹಾರಿಸಿತು. ಲೈಟು, ಫ್ಯಾನು, ಏಸಿ ಎಲ್ಲ ಒಟ್ಟಿಗೆ ಬಂದ್. ಬೀದಿಯ ಗಾಳಿ ಬರುವ ಒಂದೇ ಬಾಗಿಲಿಗೆ ಎಮ್ಮೆ ಬೆಣೆ ಹೊಡೆದಂತೆ ನಿಂತಿತ್ತು. ಗೋಡೆಗಳು ಧಗೆ ಕಾರತೊಡಗಿದವು. ಗಿರಿಜಾ ಎಮ್ಮೆಯನ್ನು ದೂಡಲೆಂದು ಎದ್ದಳು. ಎರಡು ಹೆಜ್ಜೆ ಇಟ್ಟಳು. ಮೂರನೆಯ ಹೆಜ್ಜೆ ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ನಿಂತು, ಕೈಚಾಚಿ ಗೋಡೆ ಹುಡುಕಿದಳು.

ಗೋಡೆಗಿಂತ ಮೊದಲು ನಾನು ಸಿಕ್ಕೆ. ಹಿಡಿದು ಕೂಡಿಸಿದೆ. ಕೈ ತಣ್ಣಗೆ, ಹಣೆ ಒದ್ದೆ. ನೀಲವ್ವ ಹಾಲಿನ ಚೊಂಬು ಕೆಳಗಿಟ್ಟು, ಒಂದೇ ಬಾರಿಗೆ ಎಮ್ಮೆಯನ್ನು ಹೊರಗೆಳೆದು, ಒಳಗೆ ಬಂದು ಗಿರಿಜಾಳಿಗೆ ಮೊರದಿಂದ ಗಾಳಿ ಹಾಕಿದಳು. ಆ ಎಮ್ಮೆಯನ್ನು ಎಳೆಯಲು ಆಕೆಗೆ ಬರುತ್ತಿತ್ತು ಎಂಬುದು ನನಗೆ ಆಗ ಗೊತ್ತಾಯಿತು.

ಮರುದಿನ ಮುಂಜಾನೆ, ಡಾಕ್ಟರು ಹೇಳಿದ್ದನ್ನೆಲ್ಲ, ಎಲುಬಿನ ಮಾತನ್ನೂ ಬಿಡದೆ, ಗಿರಿಜಾಳಿಗೆ ಹೇಳಿದೆ.

"ಇದನ್ನ ವರ್ಷದಿಂದ ಹೊಟ್ಯಾಗ ಇಟ್ಕೊಂಡೀರೇನು?"

"ಹೂಂ."

"ನಂದೇನಿಲ್ಲರೀ. ಬಾಗಲಾ ಹಾಕಿದ್ರ, ಬಂದಾಕಿ ತಿರಿಗಿ ಹೋಗಬಾರ್ದು. ಅಷ್ಟ."

ಆಗ ನಾನು ಒಂದು ಮಾತು ಹೇಳಿದೆ. ಯಾಕೆ ಹೇಳಿದೆನೋ! "ನಾ ಹೊರಗ ಕುಂಡ್ರತೀನಿ. ಕಟ್ಟೀ ಮ್ಯಾಲೆ. ಬಾಗಲಾ ಹಾಕಿರ್ಲಿ, ನೀ ತಂಪನ್ಯಾಗ ಕುಂಡ್ರು. ಅಕಿ ಬಂದ ಕೂಡ್ಲೆ ನಾ ತಗೀತೀನಿ."

"ಬಂದದ್ದು ನಿಮಗ ಹೆಂಗ ಗೊತ್ತಾಗತೈತಿ?"

ಆಕೆಯೇ ಪರಿಹಾರ ಹುಡುಕಿದಳು. ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಹಣತೆ ಇಡುವುದು. ಅದರ ಕುಡಿ ಬಾಗಿದರೆ ಯಾರೋ ಹಾದರೆಂದು ಅರ್ಥ. ತಕ್ಷಣ ಬಾಗಿಲು ತೆರೆಯುವುದು.

ಹೀಗೆ ಮೂವತ್ತಾರು ವರ್ಷ ಮಕ್ಕಳಿಗೆ ಕಾರ್ಯಕಾರಣ ಸಂಬಂಧ ಕಲಿಸಿದ ನಾನು, ಪ್ರತಿ ಸಂಜೆ ಆರೂಕಾಲರಿಂದ ಏಳೂಕಾಲರ ತನಕ ಕಟ್ಟೆಯ ಮೇಲೆ ನೆಟ್ಟಗೆ ಕೂತು, ಒಂದು ಕೈ ಚಿಲಕದ ಮೇಲಿಟ್ಟು, ಹಣತೆಯ ಕುಡಿಯನ್ನು ನೋಡತೊಡಗಿದೆ. ಒಪ್ಪಿಕೊಂಡ ಕೆಲಸ, ಸರಿಯಾಗಿ ಮಾಡಬೇಕು. ವೇಳಾಪತ್ರಿಕೆಯಲ್ಲಿ ಒಂದು ಸಾಲು ಸೇರಿಸಿ ಮತ್ತೆ ಸಹಿ ಮಾಡಿದೆ.

ಮೊದಲ ದಿನ ಬಾಗಿಲನ್ನು ಹನ್ನೊಂದು ಸಲ ತೆರೆದೆ. ಕುಡಿ ಬಾಗುತ್ತಲೇ ಇತ್ತು. ಹನ್ನೊಂದನೆಯ ಸಲ ಗೊತ್ತಾಯಿತು, ಅದನ್ನು ಬಾಗಿಸುತ್ತಿದ್ದದ್ದು ಏಸಿಯ ಹೊರಪೆಟ್ಟಿಗೆಯ ಗಾಳಿ. ಹಣತೆಯನ್ನು ಬಾಗಿಲಿನ ಇನ್ನೊಂದು ಪಕ್ಕಕ್ಕೆ ಇಟ್ಟೆ. ನನ್ನನ್ನು ಇನ್ನೊಂದು ಪಕ್ಕಕ್ಕೆ ಇಡಲು ಅಲ್ಲಿ ಕಟ್ಟೆ ಇರಲಿಲ್ಲ. ಒಳಗೆ ಗಿರಿಜಾಳನ್ನು ಮುತ್ತಿದ್ದ ಧಗೆಯನ್ನೆಲ್ಲ ಹೊತ್ತು ತಂದು ಆ ಪೆಟ್ಟಿಗೆ ನನ್ನ ಬೆನ್ನ ಮೇಲೆ ಸುರಿಯುತ್ತಿತ್ತು. ಆದರೆ ಅದರಲ್ಲೂ ಒಂದು ಅನುಕೂಲ ಇತ್ತು. ಬಾಗಿಲು ಮುಚ್ಚಿ, ಏಸಿಯನ್ನು ಮತ್ತೆ ಇಪ್ಪತ್ನಾಲ್ಕಕ್ಕೆ ತಂದಿದ್ದರಿಂದ ಪಡಸಾಲೆ ಬೇಗ ತಂಪಾಗಿ, ಯಂತ್ರ ಮಗ ಹೇಳಿದಂತೆ ವಿಶ್ರಾಂತಿಗೆ ನಿಲ್ಲುತ್ತಿತ್ತು. ಬೆನ್ನಿಗೆ ಬಿಸಿಗಾಳಿ ನಿಂತಿತೆಂದರೆ ಒಳಗೆ ಇಪ್ಪತ್ನಾಲ್ಕು ಆಯಿತೆಂದು ಲೆಕ್ಕ. ನಾನು ಮೀಟರ್ ನೋಡಲು ಏಳಬೇಕಾಗಿರಲಿಲ್ಲ. ನನ್ನ ಬೆನ್ನೇ ಮೀಟರ್ ಆಗಿತ್ತು. ಅದರ ಮೇಲೆ ಬೆವರುಸಾಲೆಯೂ ಎದ್ದಿತ್ತು.

ಬಿಸಿಗಾಳಿಯ ಕಡೆಗೆ ಎಮ್ಮೆ ಮತ್ತೆ ಸುಳಿಯಲಿಲ್ಲ. "ಯಾರ ಕಣ್ಣ ಬಿತ್ತೋ, ಹಾಲ ಕಮ್ಮಿ ಆತು," ಎಂದು ನೀಲವ್ವ ನನ್ನ ಕಣ್ಣುಗಳನ್ನೇ ನೋಡುತ್ತ ಹೇಳಿದಳು. ಕಟ್ಟೆಯ ಮೇಲೆ ಕೂತ ನನಗೆ ಓಣಿಯ ಜನ, "ಯಾಕ ಸರ, ಹೊರಗ ಹಾಕ್ಯಾರೇನು?" ಎಂದು ಕೇಳಿ ಹೋಗುತ್ತಿದ್ದರು.

ವಿಚಿತ್ರವೆಂದರೆ ಗಿರಿಜಾಳಲ್ಲಿ ಆದ ಬದಲಾವಣೆ. ಮೊದಮೊದಲು ಒಳಗಿನಿಂದ, "ಬಂದ್ಲೇನ್ರೀ?" ಎಂದು ಐದೈದು ನಿಮಿಷಕ್ಕೆ ಕೇಳುತ್ತಿದ್ದಳು. ವಾರ ಕಳೆಯುವುದರಲ್ಲಿ ಕೇಳುವುದು ನಿಂತಿತು. ಹದಿನೈದು ದಿನಕ್ಕೆ, ಕುಡಿ ಬಾಗಿತೆಂದು ನಾನು ಬಾಗಿಲು ತೆರೆದರೆ, "ಲಗೂನ ಹಾಕ್ರಿ, ತಂಪು ಹೊರಗ ಹೋಗತೈತಿ!" ಎಂಬ ಕೂಗು. ಒಮ್ಮೆ ನೀರು ಕುಡಿಯಲೆಂದು ಒಳಗೆ ಕಾಲಿಟ್ಟೆ. ಆಕೆ ಹಾಸಿಗೆಯ ಮೇಲೆ ಕಾಲು ಚಾಚಿ, ಮೊಣಕಾಲಿನ ತನಕ ಕೌದಿ ಹೊದ್ದು, ಮುಂದೆಂದೋ ಬರಲಿರುವ ಮೊಮ್ಮಗುವಿಗೆಂದು ಟೋಪಿ ಹೆಣೆಯುತ್ತಿದ್ದಳು. ಮುಖದಲ್ಲಿ ಹೊಳೆಯ ದಂಡೆಯ ಕಳೆ.

"ನೀವ ಒಬ್ರ ಬಂದೀರೋ, ಹಿಂದ ಯಾರರ ಅದಾರೋ?"

ತಿರುಗಿ ನೋಡಿದೆ. "ನಾ ಒಬ್ಬನ."

"ಹಂಗಾರ ಏಳೂಕಾಲಿಗೆ ಬರ್ರಿ. ನೀವ ಬರದಿಟ್ಟಂಗ ನಡೀಬೇಕಲ್ಲ," ಎಂದು ಗೋಡೆಯ ಮೇಲಿನ ನನ್ನ ಸಹಿಯ ಕಡೆ ಸೂಜಿ ತೋರಿಸಿದಳು.

ಎರಡು ತಿಂಗಳು ಹೀಗೆ ನಡೆಯಿತು. ಮಳೆ ಬಿದ್ದು ಗೋಡೆಗಳು ತಣ್ಣಗಾದ ಮೇಲೆ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಗಿರಿಜಾಳ ಬಿ.ಪಿ. ನೋಡಿ, "ಭಾಳ ಛಲೋ ಐತಿ," ಎಂದರು. ನನ್ನ ಬೆನ್ನು ನೋಡಿ, "ಇದೇನ್ರಿ ಸರ, ಎಲ್ಲಿ ಕುಂತಿದ್ರಿ?" ಎಂದರು. ನಾನು ಅಂಗಿಯ ಗುಂಡಿ ಹಾಕಿಕೊಂಡೆ.

ಮನೆಗೆ ಬರುವಾಗ ಆಟೋದಲ್ಲಿ, ಬಹಳ ದಿನದಿಂದ ತಡೆದಿದ್ದ ಮಾತನ್ನು ಕೇಳಿಯೇಬಿಟ್ಟೆ. "ಅಲ್ಲಾ, ಎರಡ ತಿಂಗಳು ಕಾದೆ. ಒಂದಿನಾನೂ ಬರ್ಲಿಲ್ಲಲ್ಲ ನಿನ್ನ ಲಕ್ಷ್ಮಿ?"

"ಬರ್ಲಿಲ್ಲ ಅಂತ ಯಾರ ಹೇಳ್ಯಾರ ನಿಮಗ?" ಎಂದಳು ಗಿರಿಜಾ, ಚೀಲದಲ್ಲಿನ ಗುಳಿಗೆಗಳನ್ನು ಸರಿಮಾಡುತ್ತ. "ಈ ಬ್ಯಾಸಗ್ಯಾಗ ನಾ ಬಿದ್ನೇನು?"

ಚಿಲಕದ ಮೇಲೆ ಕೈಯಿಟ್ಟು ಕೂತವನ ಎದುರಿಗೇ ಲಕ್ಷ್ಮಿ ಒಳಗೆ ಹೋಗಿದ್ದಾಳೆ, ನನಗೆ ಗೊತ್ತೇ ಆಗಿಲ್ಲ. ನಾನು ಹೆಡ್‌ಮಾಸ್ತರನಾಗಿದ್ದಾಗ ಶಾಲೆಯ ಗೇಟು ಕಾಯಲು ಇಂಥ ಸಿಪಾಯಿ ಸಿಕ್ಕಿದ್ದರೆ, ಮರುದಿನ ಹತ್ತೂವರೆಯೊಳಗೆ ಮೆಮೋ ಅವನ ಕೈಯಲ್ಲಿರುತ್ತಿತ್ತು.